ಪರದೇಶದಲ್ಲಿ ಕೇಳಿ ಕಲಿತ ಪಾಠ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಈಗ ವಿದ್ಯೆಯ ನಿಮಿತ್ತವಾಗಿ ದೂರದೇಶಗಳಿಗೂ ಹೋಗುತ್ತಿರುವರು. ಹೊರಡುವ ಮುಂಚೆ ತಂದೆತಾಯಂದಿರು ಉಡುಪು, ಹಣ, ವಾಸಸ್ಥಳ ಇವುಗಳ ಕುರಿತು ಬಹಳವಾಗಿ ವಿಚಾರಿಸುತ್ತಾರೆ. ಅಲ್ಲಿಯ ಜನರ ನಡೆನುಡಿಗಳ ಕುರಿತು ವಿಚಾರಿಸುವವರು ಕಡಿಮೆ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಆರು ತಿಂಗಳು ಕೆಲಸ ಕಲಿಯುತ್ತಿದ್ದಾಗ ನಮಗೆ ಬರೆದ ಪತ್ರಗಳಿಂದ ಕೆಲವು ಸಂಗತಿಗಳನ್ನು ಆರಿಸಿ, ಅವಳ ಒಪ್ಪಿಗೆಯನ್ನು ಪಡೆದು, ಇಲ್ಲಿ ಪಾಠರೂಪವಾಗಿ ಕೊಡುತ್ತೇವೆ. ಇಂಥ ಅಭ್ಯಾಸಕ್ಕೆ ಅಲ್ಲಿ ‘ಪ್ರಾಕ್ಟಿಕುಮ್’ ಎಂದು ಹೆಸರು. ಪುಸ್ತಕದಲ್ಲಿ ಓದಿದ್ದನ್ನು ಕಾರ್ಖಾನೆಯಲ್ಲಿಯೋ ಪ್ರಯೋಗಶಾಲೆಯಲ್ಲಿಯೋ ಕೈಯಾರೆ ಮಾಡಿ ಕಲಿಯುವದೇ ಅದರ ಉದ್ದೇಶವು.

1. ಸಮಯ. ಒಂಭತ್ತು ಗಂಟೆಗೆ ಸಭೆಯೆಂದರೆ ಒಂಭತ್ತಕ್ಕೆ ಮುಂಚೆಯೇ ಎಲ್ಲರೂ ಕುಳಿತಿರಬೇಕು. ನಮ್ಮವಳು ಮೊದಲನೆಯ ವಾರ ಹತ್ತು ನಿಮಿಷ ತಡವಾಗಿ ಹೋದಳು. ಯಾರೂ ಗದರಿಸಲಿಲ್ಲ, ಆದರೆ ಎಲ್ಲರೂ ಮಾತು ನಿಲ್ಲಿಸಿ ಅವಳು ಕೂತುಕೊಳ್ಳುವವರೆಗೆ ಕಾದರು. ಆ ಮೌನವೇ ಸಾಕಾಯಿತೆಂದು ಬರೆದಿದ್ದಾಳೆ. ಅದೇ ಜನರು ಸಂಜೆ ಕೆಲಸದ ಹೊತ್ತು ಮುಗಿದ ಕೂಡಲೆ ಎದ್ದು ಮನೆಗೆ ಹೋಗುವರು.

2. ಸಂಬೋಧನೆ. ಜರ್ಮನ್ ಭಾಷೆಯಲ್ಲಿಯೂ ಕನ್ನಡದಲ್ಲಿರುವಂತೆ ‘ನೀನು’, ‘ನೀವು’ ಎಂಬ ಭೇದವುಂಟು. ‘ದು’ ಅಂದರೆ ನೀನು, ‘ಜೀ’ ಅಂದರೆ ನೀವು. ಅಪರಿಚಿತರಾದ ದೊಡ್ಡವರೆಲ್ಲರನ್ನು ಮೊದಲು ‘ನೀವು’ ಎಂದೇ ಕರೆಯುವದು ವಾಡಿಕೆ. ಆದರೆ ಹಿರಿಯರಾದವರು ತಾವಾಗಿ ಒಪ್ಪಿಗೆ ಕೊಟ್ಟರೆ ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ನೀನು’ ಅನ್ನುವರು. ಐವತ್ತು ವರ್ಷ ದಾಟಿದ ಮೇಲಧಿಕಾರಿಣಿಯವರು ಎರಡನೆಯ ವಾರದಲ್ಲಿಯೇ ಈ ಒಪ್ಪಿಗೆ ಕೊಟ್ಟಾಗ ನಮ್ಮವಳ ನಾಲಿಗೆ ಏಳಲಿಲ್ಲ. ಆಮೇಲೆ ಅವಳಿಗೆ ಹೊಳೆಯಿತು: ನಾವು ದೇವರನ್ನೂ ಹೆತ್ತ ತಾಯಿಯನ್ನೂ ‘ನೀನು’ ಅನ್ನುವದು ಅಗೌರವದಿಂದಲ್ಲವಷ್ಟೆ. ಅದು ಹತ್ತಿರಕ್ಕೆ ಸೇರಿಸಿಕೊಂಡದ್ದರ ಗುರುತು.

3. ಊಟೋಪಚಾರ. ಅಲ್ಲಿ ಅನೇಕ ಮನೆಗಳಲ್ಲಿ ರಾತ್ರಿಯ ಊಟವೆಂದರೆ ರೊಟ್ಟಿ, ಗಿಣ್ಣು ಮುಂತಾದ ತಣ್ಣನೆಯ ಪದಾರ್ಥಗಳೇ. ಒಬ್ಬರು ಪ್ರೀತಿಯಿಂದ ಊಟಕ್ಕೆ ಕರೆದು, ‘ಇನ್ನೂ ಬೇಕೋ?’ ಎಂದು ಕೇಳಿದಾಗ ಇವಳು ಮರ್ಯಾದೆಗೆ ‘ಬೇಡ’ ಅಂದಳು. ತಟ್ಟೆ ಆಚೆಗೆ ಹೋಯಿತು, ತಿರಿಗಿ ಬರಲಿಲ್ಲ! ನಮ್ಮಲ್ಲಿ ಮೊದಲನೆಯ ‘ಬೇಡ’ಕ್ಕೆ ‘ಇನ್ನೊಂದು ಸಾರಿ ಒತ್ತಾಯಿಸಿರಿ’ ಎಂದು ಅರ್ಥ. ಅವರಲ್ಲಿ ‘ಬೇಡ’ ಎಂಬದಕ್ಕೆ ಬೇಡ ಎಂದೇ ಅರ್ಥ. ಒತ್ತಾಯಿಸಿದರೆ ಅತಿಥಿಯ ಮಾತನ್ನು ನಂಬದೆ ಹೋದಂತಾಗುವದು. ಹುಟ್ಟಿದ ದಿನದಲ್ಲಾದರೋ ಆಯಾ ವ್ಯಕ್ತಿಯೇ ತಿಂಡಿ ತಂದು ಜೊತೆಗಾರರಿಗೆ ಹಂಚುವ ಪದ್ಧತಿಯುಂಟು. ಈ ವಿಷಯದಲ್ಲಿ ನಮ್ಮ ಶಾಲೆಯ ಮಕ್ಕಳೂ ಜರ್ಮನರೂ ಒಂದೇ. ಇವಳು ತನ್ನ ಹುಟ್ಟುಹಬ್ಬಕ್ಕೆ ಚಿತ್ರಾನ್ನ ಮಾಡಿ ಕೊಂಡೊಯ್ದಳಂತೆ. ಪಾತ್ರೆ ಬರಿದಾಗಿ ಬಂತು.

4. ಆದಿತ್ಯವಾರ. ಆ ದಿನ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಅದನ್ನು ವಿಶ್ರಾಂತಿಯ ದಿನವೆಂದು ಕಾಪಾಡುವ ವಿಧಿಯು 1919ರ ರಾಜ್ಯಾಂಗದಲ್ಲಿತ್ತು. 1949ರ ಮೂಲಶಾಸನವೂ ಅದನ್ನು ಉಳಿಸಿಕೊಂಡಿತು. ಇದನ್ನರಿಯದ ನಮ್ಮವಳು ಮೊದಲನೆಯ ಆದಿತ್ಯವಾರ ಮನೆಯಲ್ಲಿ ಅಕ್ಕಿಯಿಲ್ಲದೆ ಬಿಸ್ಕತ್ತು ತಿಂದು ಕಳೆದಳು.

5. ಕೇಳುವದು. ಮೇಲೆ ಹೇಳಿದವು ಸಣ್ಣ ವಿಷಯಗಳು, ಇದಾದರೋ ದೊಡ್ಡದು. ಲೋಹದ ತುಂಡುಗಳನ್ನು ಇಂತಿಷ್ಟು ಹೊತ್ತು ಕಾಯಿಸಿ, ಆಮೇಲೆ ಅಳೆದು ಬರೆಯಬೇಕೆಂದು ಅವಳಿಗೆ ಹೇಳಲಾಗಿತ್ತು. ಎಷ್ಟು ಹೊತ್ತು ಎಂಬದು ಅವಳ ಕಿವಿಗೆ ಸರಿಯಾಗಿ ಬೀಳಲಿಲ್ಲ. ಅವಳು ನಮ್ಮ ವಾಡಿಕೆಯಂತೆ ತಲೆಯನ್ನು ಓಲಾಡಿಸಿದಳು. ನಮಗೆ ಅದು ‘ಆಗಲಿ’; ಅವರಿಗೆ ಹೌದೋ ಅಲ್ಲವೋ ತಿಳಿಯದು. ‘ತಿಳಿಯಿತೋ?’ ಎಂದು ಬಾಯಿಬಿಟ್ಟು ಕೇಳಿದರು. ‘ತಿಳಿಯಿತು’ ಅಂದಳು. ಹೀಗೆ ಮೂರು ದಿನಗಳ ಅಳತೆಯೆಲ್ಲ ವ್ಯರ್ಥವಾಯಿತು.

ಮೇಲಧಿಕಾರಿಣಿಯವರು, ‘ಇದು ತಪ್ಪು’ ಎಂದು ಎಲ್ಲರೆದುರಿಗೆ ನೇರವಾಗಿ ಹೇಳಿದರು. ಅರ್ಧ ಗಂಟೆಯ ಮೇಲೆ ಅವರೇ ಬಂದು ನಗುಮುಖದಿಂದ ಕಾಫಿಗೆ ಕರೆದು, ‘ಯಾಕೆ ಕೇಳಲಿಲ್ಲ?’ ಅಂದರು. ‘ತಮಗೆ ತೊಂದರೆಯಾದೀತೆಂದು’ ಅಂದಳು. ‘ನೀನು ಕೇಳದೆ ಇದ್ದದ್ದೇ ನಮಗೆ ತೊಂದರೆಯಾಯಿತು’ ಎಂದು ಉತ್ತರ ಬಂತು. ಅಲ್ಲಿ ಗದರಿಕೆಯು ಕೆಲಸಕ್ಕೆ, ಮನುಷ್ಯರಿಗಲ್ಲ ಎಂಬದು ಆ ಹೊತ್ತು ಅವಳಿಗೆ ತಿಳಿಯಿತು.

ಅದೇ ಪತ್ರದ ಕೊನೆಯಲ್ಲಿ, ‘ನಾನು ಎದುರುಮಾತಾಡದವಳೆಂದು ನಮ್ಮ ಶಾಲೆಯಲ್ಲಿ ಸನ್ನಡತೆಯ ಬಹುಮಾನ ಪಡೆದವಳಲ್ಲವೇ’ ಎಂದು ಬರೆದಿದ್ದಳು. ಪ್ರಿಯ ವಾಚಕರೇ, ಆ ಬಹುಮಾನವನ್ನು ಕೊಟ್ಟವರು ನಾವೇ. ಆ ಸಾಲನ್ನು ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ವಿಧೇಯತೆಯನ್ನು ಕಲಿಸುತ್ತೇವೆಂದು ಎಣಿಸಿ, ತಿಳಿಯದಿದ್ದರೂ ತಿಳಿಯಿತೆನ್ನುವ ಅಭ್ಯಾಸವನ್ನು ಎಷ್ಟು ಮಂದಿ ಹುಡುಗಿಯರಿಗೆ ಕಲಿಸಿದೆವೋ!

ಅವರದೆಲ್ಲ ಮೇಲು, ನಮ್ಮದೆಲ್ಲ ಕೀಳು ಎಂದು ಹೇಳುವದು ನಮ್ಮ ಅಭಿಪ್ರಾಯವಲ್ಲ. ಚಳಿಗಾಲದಲ್ಲಿ ಅವಳು ಜ್ವರದಿಂದ ಎರಡು ದಿನ ಮಲಗಿದ್ದಾಗ ಯಾರೂ ಬಾಗಿಲು ತಟ್ಟಲಿಲ್ಲ. ನಮ್ಮ ಓಣಿಯಲ್ಲಾದರೆ ಮಧ್ಯಾಹ್ನದೊಳಗೆ ನಾಲ್ಕು ಮನೆಯಿಂದ ಗಂಜಿ ಬರುತ್ತಿತ್ತು. ಆದರೆ ಮೂರನೆಯ ದಿನ ಅವಳು ಧೈರ್ಯಮಾಡಿ ಪಕ್ಕದ ಮನೆಯ ಮುದುಕಿಯವರನ್ನು ಕೇಳಿಕೊಂಡಾಗ, ಅವರು ಔಷಧವನ್ನೂ ಬಿಸಿ ಸಾರನ್ನೂ ತಂದುಕೊಟ್ಟದ್ದಲ್ಲದೆ, ಗುಣವಾಗುವವರೆಗೂ ಪ್ರತಿದಿನ ಬಂದು ನೋಡಿದರು. ಕರೆಯದೆ ಒಬ್ಬರ ಮನೆಗೆ ನುಗ್ಗಬಾರದೆಂಬದು ಅವರ ಮರ್ಯಾದೆ. ಕರೆಯುವ ಮುಂಚೆಯೇ ಹೋಗಬೇಕೆಂಬದು ನಮ್ಮ ಮರ್ಯಾದೆ. ಎರಡರ ಒಳಗಿರುವ ದಯೆಯು ಒಂದೇ.

ಊರಿಗೆ ಹೊರಡುವ ಮುಂಚೆ ಅವಳು ಹತ್ತಿರದ ಟ್ಯೂಬಿಂಗೆನ್ ಪಟ್ಟಣವನ್ನು ನೋಡಿಬಂದಳು. ಕನ್ನಡ ನಿಘಂಟನ್ನು ರಚಿಸಿದ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಅವರು 1853ರಲ್ಲಿ ನಮ್ಮ ದೇಶಕ್ಕೆ ಬಂದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಪರದೇಶದ ಒಂದೊಂದು ಮಾತಿಗೂ ತನ್ನ ಭಾಷೆಯ ಅರ್ಥವನ್ನೇ ಹಚ್ಚದೆ, ಅಲ್ಲಿಯವರು ಅದನ್ನು ಯಾವ ಅರ್ಥದಲ್ಲಿ ಆಡುತ್ತಾರೆಂದು ವಿಚಾರಿಸದವನಿಂದ ನಿಘಂಟಾಗದು. ಆಚಾರಗಳನ್ನೂ ಹಾಗೆಯೇ ಕೇಳಿ ತಿಳಿಯತಕ್ಕದ್ದು.

ಆದಕಾರಣ ನಾವು ಈಗ ಪ್ರತಿ ತರಗತಿಯಲ್ಲಿಯೂ ಪಾಠದ ಕೊನೆಗೆ ಐದು ನಿಮಿಷ ಬಿಟ್ಟು, ‘ಯಾರಿಗೆ ತಿಳಿಯಲಿಲ್ಲ?’ ಎಂದು ಕೇಳುವ ಕ್ರಮವನ್ನಿಟ್ಟಿದ್ದೇವೆ. ಮೊದಲು ಕೈ ಎತ್ತಿದವಳನ್ನು ಮೆಚ್ಚಿ ಮಾತಾಡುತ್ತೇವೆ. ತಂದೆತಾಯಂದಿರೇ, ಮನೆಯಲ್ಲಿ ಮಗಳು ‘ಯಾಕೆ?’ ಎಂದು ಕೇಳಿದಾಗ ಅದನ್ನು ಎದುರುಮಾತೆಂದು ಎಣಿಸದೆ ಉತ್ತರ ಕೊಡಿರಿ. ಅವಳು ದೂರದೇಶಕ್ಕೆ ಕೊಂಡೊಯ್ಯುವ ಗಂಟಿನಲ್ಲಿ ಇದಕ್ಕಿಂತ ಉಪಯುಕ್ತವಾದದ್ದನ್ನು ನೀವು ಕಟ್ಟಿಕೊಡಲಾರಿರಿ.