ಬೊಜ್ಜಿನ ಶಸ್ತ್ರಚಿಕಿತ್ಸೆ ಮತ್ತು ಪ್ರಸಾದದ ಅಳತೆ

ಪ್ರಸಾದವನ್ನು ತಟ್ಟೆಯಲ್ಲಿ ಬಿಡಲಾಗದು ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ನೀಡಿಸಿಕೊಂಡಷ್ಟನ್ನೂ ಸ್ವೀಕರಿಸಿ, ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಹುಮನಾಬಾದ, ಬಸವಕಲ್ಯಾಣದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಬೊಜ್ಜಿನ ಕಾರಣಕ್ಕೆ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರೊಬ್ಬರು ದಾಸೋಹದ ಅದೇ ಪಂಕ್ತಿಯಲ್ಲಿ ಕುಳಿತರೆ ನಾಲ್ಕಾರು ತುತ್ತಿಗೇ ಕೈ ತಡೆಯಬೇಕಾಗುತ್ತದೆ. ತಡೆಯದಿದ್ದರೆ ವಾಂತಿ; ತಡೆದರೆ ಪ್ರಸಾದ ಬಿಟ್ಟ ಅಳುಕು. ಈ ಅಳುಕಿಗೆ ಅಂಜಿ ದಾಸೋಹಕ್ಕೆ ಬರುವುದನ್ನೇ ನಿಲ್ಲಿಸುವವರೂ ಉಂಟು. ಶಸ್ತ್ರಚಿಕಿತ್ಸೆ ನಡೆಯುವುದು ದೂರದ ನಗರದ ಆಸ್ಪತ್ರೆಯಲ್ಲಾದರೂ ಅದರ ಫಲ ನಿರ್ಧಾರವಾಗುವುದು ನಮ್ಮ ಊಟದ ಮನೆಯಲ್ಲಿ. ಆದುದರಿಂದ ಈ ವಿಷಯವನ್ನು ಈ ಸಂಚಿಕೆಯಲ್ಲಿ ಕೊಂಚ ವಿವರವಾಗಿ ನೋಡೋಣ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಬಾಲ್ಯದಿಂದಲೂ ದಪ್ಪವಿರುವವರನ್ನು ಜನ ಹೊಟ್ಟೆಬಾಕರೆಂದೂ ಮೈಗಳ್ಳರೆಂದೂ ಹಳಿಯುತ್ತಾರೆ. ವಿಜ್ಞಾನ ಹೇಳುವುದು ಬೇರೆ. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದವರನ್ನು ಅಭ್ಯಸಿಸಿದಾಗ, ಅವರ ಮೈತೂಕವು ಸಾಕಿದವರನ್ನು ಹೋಲದೆ ಹೆತ್ತವರನ್ನೇ ಹೋಲುತ್ತಿತ್ತು. ಅಮೆರಿಕದ ತೂಕ ಇಳಿಸುವ ದೂರದರ್ಶನ ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ಕೆವಿನ್ ಹಾಲ್ ಅವರ 2016ರ ವರದಿಯೂ ಪ್ರಸಿದ್ಧ. ಸುಮ್ಮನೆ ಕುಳಿತಾಗ ಅವರ ದೇಹ ವ್ಯಯಿಸುವ ಶಕ್ತಿಯು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕುಗ್ಗಿಯೇ ಇತ್ತು. ಇಳಿದ ತೂಕವನ್ನು ಮರಳಿ ಪಡೆಯಲು ದೇಹವೇ ಹೋರಾಡುತ್ತದೆ ಎಂದಾಯಿತು. ಹತ್ತು ಸಲ ಪಥ್ಯ ಹಿಡಿದು ಹತ್ತು ಸಲವೂ ಸೋತವರಲ್ಲಿ ಕೊರತೆಯಿರುವುದು ನಿಷ್ಠೆಯದಲ್ಲ.

ಹಾಗೆಂದು ದಪ್ಪವಿರುವವರೆಲ್ಲ ಶಸ್ತ್ರಚಿಕಿತ್ಸೆಗೆ ಹೋಗಬೇಕಿಲ್ಲ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. 160 ಸೆಂಟಿಮೀಟರ್ ಎತ್ತರದ ತಾಯಿಯೊಬ್ಬರ ತೂಕ 90 ಕಿಲೋ ಇದ್ದರೆ ಅದು 35 ಆಗುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು ಪ್ರಕಟಿಸಿದ ಮಾರ್ಗಸೂಚಿಯಂತೆ ಸೂಚ್ಯಂಕ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುವುದರಿಂದ 27.5ರಿಂದಲೇ ವಿಚಾರ ಮಾಡಬಹುದು. ಆದರೆ ನಮ್ಮ ದೇಶದ ವಿಮಾ ನಿಯಮ ಇನ್ನೂ ಬಿಗಿಯಾಗಿದೆ. ವಯಸ್ಸು 18 ತುಂಬಿರಬೇಕು. ಸೂಚ್ಯಂಕ 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ನಿದ್ರೆಯಲ್ಲಿ ಉಸಿರುಕಟ್ಟುವ ತೀವ್ರ ತೊಂದರೆ ಇಂಥವುಗಳಿರಬೇಕು. ಬೇರೆ ಉಪಾಯಗಳು ವಿಫಲವಾಗಿರಬೇಕು. ವೈದ್ಯರು ಒಪ್ಪಿದ ಮಾತ್ರಕ್ಕೆ ವಿಮಾ ಕಂಪನಿ ಒಪ್ಪುವುದಿಲ್ಲ. ಖರ್ಚು ಲಕ್ಷಗಳಲ್ಲಿರುವುದರಿಂದ ಹೊಲ ಒತ್ತೆಯಿಡುವ ಮೊದಲು ಲಿಖಿತ ಒಪ್ಪಿಗೆಯನ್ನು ಕೇಳಿ ಪಡೆಯಬೇಕು.

ಸಾಮಾನ್ಯವಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ತೆಗೆದದ್ದು ಮರಳಿ ಬರುವುದಿಲ್ಲ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಆ ಭಾಗದಲ್ಲಿಯೇ. ಆದ್ದರಿಂದ ಹಸಿವೂ ತಗ್ಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದಕ್ಕೆ ಕೆಳಗಿನ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಮಧುಮೇಹ ಹೆಚ್ಚಿರುವವರಿಗೂ, ಎದೆಯುರಿ ತೀವ್ರವಾಗಿರುವವರಿಗೂ ಬೈಪಾಸ್ ಹೆಚ್ಚು ಒಗ್ಗುತ್ತದೆ. ಇವೆರಡೂ ಸಣ್ಣ ರಂಧ್ರಗಳ ಮೂಲಕ, ದುರ್ಬೀನಿನ ನೆರವಿನಿಂದ ನಡೆಯುತ್ತವೆ. ಇವುಗಳಿಗೂ ಸೌಂದರ್ಯಕ್ಕಾಗಿ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದಕ್ಕೂ ಸಂಬಂಧವಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಮೃತರಾದದ್ದು ಆ ಎರಡನೆಯ ಬಗೆಯ ಶಸ್ತ್ರಕ್ರಿಯೆಯ ನಂತರ. ಮದುವೆಯ ಮಾತುಕತೆಗೆ ಮುಂಚೆ ಮಗಳನ್ನು ತೆಳ್ಳಗೆ ಮಾಡಿಸಬೇಕೆಂದು ಹೊರಡುವ ತಂದೆತಾಯಿಗಳು ಈ ವ್ಯತ್ಯಾಸವನ್ನು ತಿಳಿಯಬೇಕು. ವಧುಪರೀಕ್ಷೆಯು ಶಸ್ತ್ರಚಿಕಿತ್ಸೆಗೆ ಕಾರಣವಾಗಲಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಫಲವೆಷ್ಟು? ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿಯಿತು; ಹತ್ತು ವರ್ಷಗಳ ನಂತರ ಆ ಇಳಿಕೆ 25ಕ್ಕೆ ಬಂದು ನಿಂತಿತ್ತು. ಶಸ್ತ್ರಚಿಕಿತ್ಸೆ ಪಡೆಯದವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣವೂ ಕಡಿಮೆಯಾಯಿತು. ನೂರ ಇಪ್ಪತ್ತು ಕಿಲೋ ಇದ್ದವರು ತೊಂಬತ್ತಕ್ಕೆ ಬಂದು ನಿಲ್ಲಬಹುದು ಎಂದು ಇದರ ಅರ್ಥ, ಅರವತ್ತಕ್ಕೆ ಇಳಿಯುತ್ತಾರೆಂದಲ್ಲ. ಮೊಣಕಾಲು ನೋವಿಲ್ಲದೆ ಮೆಟ್ಟಿಲು ಹತ್ತುವುದು, ಇನ್ಸುಲಿನ್ ಬಿಡುವುದು, ರಾತ್ರಿ ಉಸಿರುಕಟ್ಟದೆ ಮಲಗುವುದು ಇವು ಆ ಮೂವತ್ತು ಕಿಲೋಗಳ ಬೆಲೆ. ಪ್ರಾಣಾಪಾಯವು ಅನುಭವಿ ವೈದ್ಯರ ಕೈಯಲ್ಲಿ ಸಾವಿರಕ್ಕೆ ಒಂದರಿಂದ ಮೂರು. ಪಿತ್ತಕೋಶ ತೆಗೆಯುವ ಶಸ್ತ್ರಕ್ರಿಯೆಗೆ ಹತ್ತಿರದ ಪ್ರಮಾಣ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಚುಚ್ಚುಮದ್ದುಗಳು 2025ರಿಂದ ನಮ್ಮ ದೇಶದಲ್ಲಿಯೂ ತೂಕ ಇಳಿಕೆಗಾಗಿ ದೊರೆಯುತ್ತಿವೆ. ಅವುಗಳನ್ನು ನಿಲ್ಲಿಸಿದರೆ ಬಹುತೇಕರಲ್ಲಿ ತೂಕ ಮರಳುತ್ತದೆ. ಆದರೂ ಕತ್ತರಿಗೆ ಮೊದಲು ಅವುಗಳ ಬಗ್ಗೆ ವೈದ್ಯರನ್ನು ಕೇಳುವುದು ಯುಕ್ತ.

ತೀರ್ಮಾನಕ್ಕೆ ಅವಸರ ಬೇಡ. ಥೈರಾಯ್ಡ್, ರಕ್ತ, ಬಿ12, ಡಿ ಜೀವಸತ್ವ, ಜಠರದ ಎಂಡೋಸ್ಕೋಪಿ, ನಿದ್ರೆಯ ಪರೀಕ್ಷೆ, ಮನೋವೈದ್ಯರ ಭೇಟಿ ಇವು ಮೊದಲು ಆಗಬೇಕು. ಇವುಗಳನ್ನು ಹೇಳದೆ ನೇರವಾಗಿ ದಿನಾಂಕ ಕೊಡುವ ಆಸ್ಪತ್ರೆಯಿಂದ ಎದ್ದು ಬರುವುದು ಲೇಸು. ಬೀಡಿ, ಸಿಗರೇಟು, ಗುಟ್ಕಾ, ತಂಬಾಕುಗಳನ್ನು ಕನಿಷ್ಠ ಆರು ವಾರ ಮೊದಲೇ ಬಿಡಬೇಕು. ಹೊಲಿಗೆ ಮಾಯುವುದಕ್ಕೆ ಇವು ಕಂಟಕ.

ನಮ್ಮ ಭಾಗದವರಿಗೆ ದೂರವೂ ಒಂದು ವ್ಯಾಧಿಯೇ. ಸಸ್ತಾಪುರ ಬಂಗ್ಲಾದಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಹುಮನಾಬಾದ, ಜಹೀರಾಬಾದ ದಾಟಿ ಹೈದರಾಬಾದು ತಲುಪಲು ಮೂರು ತಾಸಿಗೂ ಹೆಚ್ಚು ಬೇಕು. ಮೂರನೆಯ ದಿನ ಆಸ್ಪತ್ರೆಯಿಂದ ಬಿಡುಗಡೆಯಾಗುತ್ತದೆ. ಆದರೆ ಹೊಲಿದ ಜಾಗ ಸೋರುವ ಅಪಾಯ ಹೆಚ್ಚಿರುವುದು ಅನಂತರದ ದಿನಗಳಲ್ಲಿ. ಜ್ವರ, ಕೂತಲ್ಲೇ ನಾಡಿ ನಿಮಿಷಕ್ಕೆ 120 ದಾಟುವುದು, ಹೊಟ್ಟೆಯಿಂದ ಎಡ ಭುಜಕ್ಕೆ ಏರುವ ನೋವು, ಉಸಿರಾಟದ ಕಷ್ಟ ಇವುಗಳಲ್ಲಿ ಒಂದು ಕಂಡರೂ ಅದೇ ತಾಸಿಗೆ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಎಂದು ಓಮಿನ ನೀರು ಕುಡಿದು ಮಲಗಬಾರದು. ಶಸ್ತ್ರಚಿಕಿತ್ಸೆ ಮಾಡಿದ ಊರಿನಲ್ಲಿಯೇ ಬಂಧುಗಳ ಮನೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ಎರಡು ವಾರ ತಂಗುವ ಖರ್ಚನ್ನು ಮೊದಲೇ ತೆಗೆದಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಶಸ್ತ್ರಚಿಕಿತ್ಸೆಯ ದಿನವೇ ಎದ್ದು ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಧುಮೇಹದ, ರಕ್ತದೊತ್ತಡದ ಗುಳಿಗೆಗಳ ಪ್ರಮಾಣ ಮೊದಲ ವಾರದಿಂದಲೇ ಬದಲಾಗಬೇಕಾಗುತ್ತದೆ. ಹಳೆಯ ಚೀಟಿಯಂತೆ ನುಂಗಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಮೊದಲ ಎರಡು ವಾರ ನೀರಾದ ಆಹಾರ ಮಾತ್ರ: ತೆಳು ಮಜ್ಜಿಗೆ, ಬೇಳೆಯ ಕಟ್ಟು, ಹಾಲು. ಆಮೇಲೆ ನುಣ್ಣಗೆ ಹಿಸುಕಿದ ಹೆಸರುಬೇಳೆ, ಮೊಸರು, ಜೋಳದ ಅಂಬಲಿ. ರೊಟ್ಟಿ ಮುರಿಯಲು ಆರರಿಂದ ಎಂಟು ವಾರ ಕಾಯಬೇಕು. ಅದೂ ಮೆತ್ತನೆಯ ರೊಟ್ಟಿ, ಬಾಯಲ್ಲೇ ಹಿಟ್ಟಾಗುವಂತೆ ಅಗಿದು. ಖಡಕ್ ರೊಟ್ಟಿಯ ಆಸೆ ಇನ್ನೂ ಕೆಲವು ತಿಂಗಳು ಮುಂದಕ್ಕೆ ಹೋಗಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಸಸ್ಯಾಹಾರಿಗಳಾದ ನಮಗೆ ಕಷ್ಟವಿರುವುದು ಇಲ್ಲಿಯೇ. ಒಂದು ಜೋಳದ ರೊಟ್ಟಿಯಲ್ಲಿ ದೊರೆಯುವುದು ಐದಾರು ಗ್ರಾಂ ಅಷ್ಟೇ. ಆದ್ದರಿಂದ ತಟ್ಟೆಯಲ್ಲಿ ಮೊದಲು ಗಟ್ಟಿ ಬೇಳೆ, ಪನೀರು, ಮೊಸರು, ಸೋಯಾ, ಅನಂತರ ಪಲ್ಯ, ಕೊನೆಗೆ ಜಾಗವುಳಿದರೆ ಅನ್ನ ಅಥವಾ ರೊಟ್ಟಿ. ನಮ್ಮ ಊಟದ ಕ್ರಮವನ್ನು ತಲೆಕೆಳಗು ಮಾಡಿದಂತಾಯಿತು, ಆದರೆ ಬೇರೆ ದಾರಿಯಿಲ್ಲ. ಹೋಳಿಗೆ, ಶಿರಾ, ಪಾನಕಗಳನ್ನು ಬೈಪಾಸ್ ಆದವರು ಸ್ವೀಕರಿಸಿದರೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಭೇದಿ ಬರಬಹುದು.

ಈಗ ಪ್ರಸಾದದ ಮಾತು. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಇದೇ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಅವರು ಒಂದು ದಿನ ಹೆಚ್ಚು ತಂದಾಗ, ನಿತ್ಯದ ಅಳತೆ ಮೀರಿತೆಂದು ಲಕ್ಕಮ್ಮ ತಾಯಿ ಅದನ್ನು ಮರಳಿ ಕಳುಹಿಸಿದರು. ದಪ್ಪವಿರುವವರನ್ನು ಚುಚ್ಚುವುದಕ್ಕೆ ಈ ಪ್ರಸಂಗವನ್ನು ಬಳಸುವವರನ್ನು ಕಂಡಿದ್ದೇವೆ, ಅದು ಸಲ್ಲದು. ನಾವು ಇದನ್ನು ನೆನೆಯುವುದು ಬಡಿಸುವವರಿಗಾಗಿ. ಅಳತೆ ಮನೆಯಲ್ಲಿ ನಿಗದಿಯಾಗಿತ್ತು; ಹೆಚ್ಚು ಸುರಿದದ್ದು ಅಂಗಳದಲ್ಲಿ. ಪ್ರಸಾದ ಬಿಡಬಾರದೆಂಬ ನಿಯಮವನ್ನು ಉಳಿಸಿಕೊಳ್ಳಲು ಶಸ್ತ್ರಚಿಕಿತ್ಸೆಯಾದವರು ನೀಡುವ ಮೊದಲೇ ಕೈ ಅಡ್ಡ ಹಿಡಿದು ಎರಡು ಚಮಚವಷ್ಟೇ ಹಾಕಿಸಿಕೊಳ್ಳಬಹುದು. ಬಡಿಸುವ ಸೇವೆಯಲ್ಲಿರುವ ಬಂಧುಗಳು ‘ಪ್ರಸಾದಕ್ಕೆ ಬೇಡ ಅನ್ನಬಾರದು’ ಎಂದು ಮೇಲೆ ಸುರಿಯಬಾರದು, ಕಾರಣವನ್ನೂ ಕೇಳಬಾರದು. ಊಟದ ಜೊತೆಗೆ ಮತ್ತು ಅನಂತರದ ಅರ್ಧ ತಾಸು ನೀರು ಕುಡಿಯಬಾರದೆಂಬ ವೈದ್ಯರ ನಿಯಮವಿದೆ. ತಟ್ಟೆ ತೊಳೆದ ನೀರಿನ ಗುಟುಕೊಂದರಿಂದ ಬಾಧೆಯಿಲ್ಲ. ತಂಬಿಗೆ ತುಂಬ ತೊಳೆದು ಕುಡಿಯುವುದು ಬೇಡ. ಶಿವರಾತ್ರಿಯ ಹಾಗೂ ಶ್ರಾವಣ ಸೋಮವಾರಗಳ ಉಪವಾಸವನ್ನು ಮೊದಲ ವರ್ಷ ಕೈಬಿಡಬೇಕು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ನೀರು ಸೇರದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ತೊಗರಿಯ ಚೀಲ ಹೊರುವ, ಕೊಡ ಎತ್ತುವ ಕೆಲಸಗಳಿಗೂ ಆರು ವಾರ ಬಿಡುವು ಕೊಡಬೇಕು.

ಜೀವಸತ್ವಗಳ ವಿಷಯದಲ್ಲಿ ಎಡವುವವರೇ ಹೆಚ್ಚು. ಬಿ12 ಜೀವಸತ್ವವು ಹಾಲು, ಮೊಸರಿನ ಹೊರತು ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ರಕ್ತಕ್ಕೆ ಸೇರಲು ಜಠರದಲ್ಲಿ ಉತ್ಪತ್ತಿಯಾಗುವ ಒಂದು ಪದಾರ್ಥ ಬೇಕು, ಆ ಜಠರವೇ ಈಗ ಕಿರಿದಾಗಿದೆ. ಕೊರತೆಯಾದರೆ ಪಾದಗಳಲ್ಲಿ ಜೋಮು, ಮರೆವು, ರಕ್ತಹೀನತೆ. ಆದುದರಿಂದ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಇವು ಜೀವಮಾನದ ಔಷಧಿಗಳು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳ ನಡುವೆ ಎರಡು ತಾಸಿನ ಅಂತರವಿರಲಿ. ಹಲವು ಕ್ಯಾಪ್ಸೂಲುಗಳ ಹೊದಿಕೆ ಜೆಲಟಿನ್‌ನದು, ಅದು ಪ್ರಾಣಿಜನ್ಯ. ಈ ಸಂಗತಿ ತಿಳಿದೊಡನೆ ಗುಳಿಗೆಯನ್ನೇ ನಿಲ್ಲಿಸಿಬಿಡುವ ಭಕ್ತರಿದ್ದಾರೆ. ನಿಲ್ಲಿಸುವ ಅಗತ್ಯವಿಲ್ಲ, ಹೊದಿಕೆಯಿಲ್ಲದ ಮಾತ್ರೆ, ಸಸ್ಯಜನ್ಯ ಕ್ಯಾಪ್ಸೂಲು, ಚುಚ್ಚುಮದ್ದುಗಳೂ ಇವೆ. ಚೀಟಿ ಬರೆಯುವಾಗಲೇ ವೈದ್ಯರಿಗೆ ಹೇಳಿದರೆ ಸಾಕು. ಮೂರನೆಯ ತಿಂಗಳಿಂದ ಕೂದಲು ಉದುರಿದರೆ ಗಾಬರಿ ಬೇಡ, ಪೋಷಣೆ ಸರಿಯಿದ್ದರೆ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರೂ ಕಂಠಪಾಠ ಮಾಡಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ದಿನಗಟ್ಟಲೆ ವಾಂತಿಯಾದರೆ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಗ್ಲೂಕೋಸ್ ಸಲೈನನ್ನಷ್ಟೇ ಏರಿಸಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಥಯಾಮಿನ್ ಚುಚ್ಚುಮದ್ದು ಮೊದಲು ಬೀಳಬೇಕು. ನಿಶ್ಶಕ್ತಿ ಎಂದೊಡನೆ ಗ್ಲೂಕೋಸ್ ಬಾಟಲಿ ಕೇಳುವುದು ನಮ್ಮ ಕಡೆಯ ರೂಢಿ. ದೃಷ್ಟಿ ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅಪಾಯದ ಗುರುತುಗಳು. ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿಯನ್ನು ಸದಾ ಜೊತೆಯಲ್ಲಿಟ್ಟುಕೊಂಡು, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಮೊದಲು ಅದನ್ನು ತೋರಿಸಬೇಕು.

ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಮರಳುತ್ತದೆ, ಬಸಿರು ನಿರೀಕ್ಷೆಗೆ ಮೊದಲೇ ನಿಲ್ಲುವುದುಂಟು. ಗರ್ಭಿಣಿಯಾದಾಗ ಸರಕಾರಿ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಧುಮೇಹವನ್ನು ಪರೀಕ್ಷಿಸುತ್ತಾರೆ. ಬೈಪಾಸ್ ಆದವರಿಗೆ ಆ ದ್ರಾವಣ ಒಗ್ಗದು. ಅವರಿಗೆ ಮನೆಯಲ್ಲಿಯೇ ಒಂದು ವಾರ ಊಟದ ಹಿಂದುಮುಂದೆ ರಕ್ತದ ಸಕ್ಕರೆಯನ್ನು ಅಳೆದು ನೋಡುವ ಕ್ರಮವಿದೆ. ಮೊದಲ ಭೇಟಿಯಲ್ಲಿಯೇ, ಲೋಟ ಕೈಗೆ ಬರುವ ಮುನ್ನ, ಇದನ್ನು ಹೇಳಿಬಿಡಬೇಕು.