ಲೀಟರಿಗೆಷ್ಟು ಅಲ್ಲ, ಗಂಟೆಗೆಷ್ಟು: ಕೋಲ್ಕತ್ತದಲ್ಲಿ ಮೈಲೇಜ್ ಸೂತ್ರಗಳು

ಬೆಂಗಳೂರಿನಿಂದ ಕೋಲ್ಕತ್ತಕ್ಕೆ ವರ್ಗವಾಗಿ ಬರುವ ಬ್ಯಾಂಕಿನವರು, ಸಾಲ್ಟ್ ಲೇಕ್‌ನ ಐದನೇ ಸೆಕ್ಟರಿಗೆ ಬರುವ ಸಾಫ್ಟ್‌ವೇರಿನವರು ತಮ್ಮ ಬ್ರೆಜಾ, ನೆಕ್ಸಾನ್, ವೆನ್ಯೂಗಳನ್ನು ಲಾರಿಗೆ ಹೇರಿಸಿ ತರಿಸಿಕೊಳ್ಳುವುದುಂಟು. ಟ್ರಾಫಿಕ್ಕಿನಲ್ಲಿ ಪಳಗಿದವರು ನಾವು ಎಂಬ ಜಂಬವೂ ಗಾಡಿಯ ಜೊತೆಗೇ ಬರುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕ ಆ ಜಂಬವನ್ನು ಇಳಿಸಿಬಿಟ್ಟಿತು. 10 ಕಿ.ಮೀ. ಸಾಗಲು ಆ ವರ್ಷ ಬೆಂಗಳೂರಿನಲ್ಲಿ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಗಿತ್ತು, ಕೋಲ್ಕತ್ತದಲ್ಲಿ 34 ನಿಮಿಷ 33 ಸೆಕೆಂಡ್. ಅಂದರೆ ಎರಡೂ ಕಡೆ ಗಂಟೆಗೆ ಹದಿನೇಳು ಚಿಲ್ಲರೆ ಕಿ.ಮೀ. ವೇಗ; ಸೈಕಲ್ ತುಳಿಯುವವನು ನಿಮ್ಮನ್ನು ದಾಟಿಹೋದರೆ ಬೇಸರಪಡಬೇಕಿಲ್ಲ. ಪೆಟ್ರೋಲ್ ನೂರು ರೂಪಾಯಿ ದಾಟಿ ವರ್ಷಗಳೇ ಕಳೆದ ಈ ಊರಿನಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಇಟ್ಟುಕೊಂಡವರು ಮಾಡಬಹುದಾದದ್ದು ಇಷ್ಟು.

1. ಕಂಪನಿ ಹೇಳಿದ ಸಂಖ್ಯೆಯನ್ನು ಹೋಲಿಕೆಗೆ ಮಾತ್ರ ಬಳಸಿ.

ಬ್ರೆಜಾ ಪೆಟ್ರೋಲ್ ಆಟೊಮ್ಯಾಟಿಕ್‌ಗೆ ಲೀಟರಿಗೆ 19.80 ಕಿ.ಮೀ., ನೆಕ್ಸಾನ್ ಪೆಟ್ರೋಲ್ ಮ್ಯಾನ್ಯುವಲ್‌ಗೆ 17.44 ಎಂದೆಲ್ಲ ಓದಿರುತ್ತೀರಿ. ಈ ಅಂಕಿಗಳು ಹುಟ್ಟುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ. ಪರೀಕ್ಷೆ ಒಟ್ಟು 1180 ಸೆಕೆಂಡಿನದು. ಅದರಲ್ಲಿ 780 ಸೆಕೆಂಡ್ ನಗರದ ಓಡಾಟದ ಅಣಕು, ಉಳಿದ 400 ಸೆಕೆಂಡ್ ಊರಾಚೆಯ ರಸ್ತೆಯ ಅಣಕು. ವೇಗ 90 ಕಿ.ಮೀ. ದಾಟುವುದಿಲ್ಲ, ಎ.ಸಿ. ಓಡುವುದಿಲ್ಲ, ಅಡ್ಡ ಬರುವ ಮಿನಿಬಸ್ಸೂ ಇಲ್ಲ. ಎರಡು ಕಾರುಗಳಲ್ಲಿ ಯಾವುದಕ್ಕೆ ಹಸಿವು ಕಡಿಮೆ ಎಂದು ತಿಳಿಯಲು ಈ ಸಂಖ್ಯೆ ಸಾಕು. ತಿಂಗಳ ಬಜೆಟ್ಟಿಗೆ ಸಾಲದು. ಕೋಲ್ಕತ್ತದ ಒಳಗೇ ಓಡುವ ಪೆಟ್ರೋಲ್ ಗಾಡಿ ಲೀಟರಿಗೆ ಹತ್ತರಿಂದ ಹನ್ನೆರಡು ಕೊಟ್ಟರೆ ಅದರಲ್ಲಿ ದೋಷವಿಲ್ಲ; ಸರ್ವಿಸ್ ಸೆಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

2. ದೂರ ಬಿಡಿ, ಗಡಿಯಾರ ನೋಡಿ.

ನನ್ನ ಮಟ್ಟಿಗೆ ಉಳಿದೆಲ್ಲ ಸೂತ್ರಗಳಿಗಿಂತ ದೊಡ್ಡದು ಇದೇ. 1.2ರಿಂದ 1.5 ಲೀಟರ್ ಪೆಟ್ರೋಲ್ ಎಂಜಿನ್ ಎ.ಸಿ. ಹಾಕಿಕೊಂಡು ನಿಂತಲ್ಲೇ ಗುರುಗುಟ್ಟಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಹತ್ತು ನಿಮಿಷ ನಿಂತಿರೆಂದರೆ ಹದಿನೇಳು ರೂಪಾಯಿ ಹೋಯಿತು, ಕಾರು ಒಂದಡಿಯೂ ಮುಂದೆ ಹೋಗಿರುವುದಿಲ್ಲ. ಹಾಗಾಗಿ ಮ್ಯಾಪಿನಲ್ಲಿ ಕಡಿಮೆ ದೂರದ ದಾರಿ ಹುಡುಕದೆ ಕಡಿಮೆ ಹೊತ್ತಿನ ದಾರಿ ಹುಡುಕಿ. ಬ್ಯಾಲಿಗಂಜ್‌ನಿಂದ ಐದನೇ ಸೆಕ್ಟರಿಗೆ ಹೋಗುವವರು ಪಾರ್ಕ್ ಸರ್ಕಸ್‌ನಲ್ಲಿ ಮಾ ಫ್ಲೈಓವರ್ ಹತ್ತಿ ಇ.ಎಂ. ಬೈಪಾಸ್ ಹಿಡಿಯುತ್ತಾರೆ. ಅಲ್ಲಿ ಉಳಿಸಿದ್ದನ್ನೆಲ್ಲ ಚಿಂಗ್ರಿಘಾಟದ ಕೂಡುರಸ್ತೆ ಕಸಿದುಕೊಳ್ಳುತ್ತದೆ. ಅದೇ ದಾರಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಟವರ ಮೈಲೇಜೇ ಬೇರೆ, ಒಂಬತ್ತೂವರೆಗೆ ಹೊರಟವರದೇ ಬೇರೆ.

ಬೆಂಗಳೂರಿನವರಿಗೆ ಹೊಸದಾದ ಸಂಗತಿ ಇನ್ನೊಂದಿದೆ. ಇಲ್ಲಿನ ಕೆಲವು ಏಕಮುಖ ರಸ್ತೆಗಳು ಮಧ್ಯಾಹ್ನದ ಹೊತ್ತಿಗೆ ದಿಕ್ಕು ಬದಲಿಸುತ್ತವೆ. ಬೆಳಿಗ್ಗೆ ಹೋದ ದಿಕ್ಕಿನಲ್ಲೇ ಸಂಜೆಯೂ ಹೋಗುತ್ತೇನೆಂದು ಹೊರಟರೆ ಸುತ್ತು ಖಚಿತ.

ಕೆಂಪುದೀಪದ ಎಣಿಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚಿದ್ದರೆ ಎಂಜಿನ್ ಆರಿಸಿ. ತಾನಾಗಿ ಆರುವ ವ್ಯವಸ್ಥೆ ಕಾರಿನಲ್ಲಿದ್ದರೆ ಕಿರಿಕಿರಿಯೆಂದು ಅದನ್ನು ಬಂದ್ ಮಾಡಬೇಡಿ. 2011ರಿಂದ ಇಲ್ಲಿನ ಸಿಗ್ನಲ್ಲುಗಳಲ್ಲಿ ರವೀಂದ್ರಸಂಗೀತ ಹಾಕುವ ರೂಢಿ ಬಂದಿದೆ. ಎಂಜಿನ್ ಸುಮ್ಮನಾದರೆ ಹಾಡೂ ಚೆನ್ನಾಗಿ ಕೇಳಿಸುತ್ತದೆ.

3. ಪ್ರತಿ ಬ್ರೇಕಿಗೂ ಒಂದು ರೂಪಾಯಿ.

ಉತ್ಪ್ರೇಕ್ಷೆಯಲ್ಲ, ಹೈಸ್ಕೂಲಿನ ಭೌತವಿಜ್ಞಾನ. ಇಬ್ಬರು ಕೂತ ಇಂಥ ಗಾಡಿ ಸುಮಾರು 1300 ಕಿಲೋ ತೂಗುತ್ತದೆ. ಅದನ್ನು ಸೊನ್ನೆಯಿಂದ 40 ಕಿ.ಮೀ. ವೇಗಕ್ಕೆ ಏರಿಸಲು 80 ಕಿಲೋಜೂಲ್ ಬೇಕು. ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆಂದು ಹಿಡಿದರೆ, ಸುಟ್ಟದ್ದು 10 ಮಿಲಿಲೀಟರ್. ಬ್ರೇಕ್ ಒತ್ತಿ ನಿಂತಿರೋ, ಅಷ್ಟೂ ಬಿಸಿಯಾಗಿ ಗಾಳಿಗೆ. ಹತ್ತು ಕಿ.ಮೀ.ಯಲ್ಲಿ ಮೂವತ್ತು ಸಲ ಹೀಗೆ ಓಡಿ ನಿಂತರೆ ಮೂವತ್ತು ರೂಪಾಯಿ. ಮುಂದಿನ ದೀಪ ಕೆಂಪಾಗಿರುವುದು ಕಂಡೂ ಆಕ್ಸಿಲರೇಟರ್ ತುಳಿಯುವವರು ದುಡ್ಡು ಕೊಟ್ಟು ಬ್ರೇಕ್ ಪ್ಯಾಡ್ ಸವೆಸುತ್ತಿದ್ದಾರೆ.

ಇದಕ್ಕೊಂದು ಸ್ಥಳೀಯ ಉಪಾಯವಿದೆ: ಖಾಸಗಿ ಬಸ್ಸಿನ ಬೆನ್ನು ಹತ್ತಬೇಡಿ. ಶ್ಯಾಮ್‌ಬಜಾರ್ ಇರಲಿ, ಗರಿಯಾಹಾಟ್ ಇರಲಿ, ಅದು ಕೈ ತೋರಿದವರಿಗೆಲ್ಲ ನಿಲ್ಲುತ್ತದೆ. ಹಿಂದೆ ಇದ್ದರೆ ನೀವೂ ನಿಲ್ಲಬೇಕು. ಅಂತರ ಬಿಟ್ಟರೆ ಯಾರೋ ನುಗ್ಗುತ್ತಾರೆ ಎಂಬ ದೂರು ನಿಜ. ನುಗ್ಗಲಿ ಬಿಡಿ.

4. ಎ.ಸಿ. ಆರಿಸಬೇಡಿ, ಬುದ್ಧಿಯಿಂದ ಬಳಸಿ.

ಮೈಸೂರಿನ ಸೆಕೆಗೂ ಇಲ್ಲಿನ ಸೆಕೆಗೂ ವ್ಯತ್ಯಾಸ ತೇವದ್ದು. ಮೇ–ಜೂನ್‌ನ ಕೋಲ್ಕತ್ತದ ಗಾಳಿಯನ್ನು ತಂಪು ಮಾಡಬೇಕಾದರೆ ಮೊದಲು ಅದರೊಳಗಿನ ಆವಿಯನ್ನು ನೀರಾಗಿಸಬೇಕು. ಕಂಪ್ರೆಸರಿನ ದುಡಿಮೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕಾರಿನಡಿ ಸುರಿಯುವ ನೀರೇ ಸಾಕ್ಷಿ. ಹತ್ತಿ ಕೂತ ಮೊದಲೆರಡು ನಿಮಿಷ ಕಿಟಕಿ ಇಳಿಸಿ ಬಿಸಿಗಾಳಿ ಹೊರಹಾಕಿ. ಆಮೇಲೆ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ, 24–25 ಡಿಗ್ರಿಗೆ ಬಿಡಿ. ಹೊರಗಿನ ಗಾಳಿ ಎಳೆದುಕೊಳ್ಳುತ್ತಲೇ ಇದ್ದರೆ ಹೂಗ್ಲಿಯ ಆವಿಯನ್ನೆಲ್ಲ ನಿಮ್ಮ ಖರ್ಚಿನಲ್ಲಿ ಒಣಗಿಸಿದಂತೆ. ಪೆಟ್ರೋಲ್ ಉಳಿಸಲು ಬೆವರಿನಲ್ಲಿ ನೆನೆಯುವ ಶೌರ್ಯ ಇಲ್ಲಿ ಬೇಡ.

5. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ.

ಕೋಲ್ಕತ್ತ ಚಪ್ಪಟೆ ಊರು. ಘಾಟಿ ಹತ್ತಿ ಬೆಳೆದ ಮಲೆನಾಡಿನವರಿಗೆ ಇಲ್ಲಿ ಏರು ಎಂದು ಸಿಗುವುದು ಸೇತುವೆ, ಫ್ಲೈಓವರ್‌ಗಳಷ್ಟೇ. 1992ರಲ್ಲಿ ತೆರೆದ ವಿದ್ಯಾಸಾಗರ ಸೇತುವಿನಿಂದ ಇಳಿಯುವಾಗ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇಂಜೆಕ್ಟರ್‌ಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ತಂದರೆ ಎಂಜಿನ್ ಆರದಿರಲೆಂದು ಪೆಟ್ರೋಲ್ ಬರುತ್ತಲೇ ಇರುತ್ತದೆ. ನ್ಯೂಟ್ರಲ್ ಉಪದೇಶ ಕಾರ್ಬ್ಯುರೇಟರ್ ಕಾಲದ್ದು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾಡಾ ಕಾರ್ಖಾನೆ 2014ರಲ್ಲೇ ಕೆಲಸ ನಿಲ್ಲಿಸಿತು, ಉಪದೇಶ ಇನ್ನೂ ಓಡುತ್ತಿದೆ.

6. ಟೈರ್ ಗಾಳಿ, ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ. ಎಷ್ಟೆಂಬುದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಿದೆ. ಗಾಳಿ ಹಾಕುವವನನ್ನು ಕೇಳಬೇಡಿ.

7. ಇ20ಯ ಪಾಲನ್ನು ಲೆಕ್ಕಕ್ಕೆ ಹಿಡಿಯಿರಿ.

ಇ20 ಎಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6–7, ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1–2 ಮೈಲೇಜ್ ಇಳಿಯಬಹುದೆಂದು ಅಂದಾಜಿಸಿತ್ತು. ಗಾಡಿ 2023ರ ಏಪ್ರಿಲ್‌ಗೆ ಮೊದಲಿನದಾದರೆ ಲೀಟರಿಗೆ ಅರ್ಧ ಮುಕ್ಕಾಲು ಕಿ.ಮೀ. ಕಳೆದದ್ದಕ್ಕೆ ನಿಮ್ಮ ಕಾಲನ್ನು ದೂರಬೇಡಿ.

8. ನೀರು ನಿಂತ ದಿನ ಕಾರು ತೆಗೆಯಬೇಡಿ.

2025ರ ಸೆಪ್ಟೆಂಬರ್ 23ರ ಬೆಳಗಿನ ಹೊತ್ತಿಗೆ ಒಂದೇ ದಿನದಲ್ಲಿ 250 ಮಿ.ಮೀ. ದಾಟಿದ ಮಳೆ ಈ ಊರನ್ನು ಮುಳುಗಿಸಿತ್ತು. ಮೊದಲ ಗೇರಿನಲ್ಲಿ ನೀರು ಸೀಳುವಾಗ ಮೈಲೇಜ್ ಲೆಕ್ಕಕ್ಕೇ ಸಿಗದು. ಎಸ್‌ಯುವಿ ಎತ್ತರವಿದೆ ಎಂಬ ಧೈರ್ಯದಲ್ಲಿ ಹೊರಟು ಎಂಜಿನ್ನಿನೊಳಗೆ ನೀರು ಎಳೆಸಿಕೊಂಡರೆ, ವರ್ಷವಿಡೀ ಉಳಿಸಿದ ಪೆಟ್ರೋಲ್ ದುಡ್ಡು ರಿಪೇರಿಯ ಮುಂಗಡಕ್ಕೂ ಸಾಲದು.

9. ಹೆದ್ದಾರಿಯಲ್ಲಿ ಎಂಬತ್ತು ಸಾಕು.

ಭಾನುವಾರ ದುರ್ಗಾಪುರ ಎಕ್ಸ್‌ಪ್ರೆಸ್‌ವೇ ಹಿಡಿದು ಶಕ್ತಿಗಢದ ಲ್ಯಾಂಗ್ಚಾ ಸಿಹಿ ತಿನ್ನಲು ಹೋಗುವವರಿಗೆ ಇದು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ಅದು ಹೆಚ್ಚುಕಡಿಮೆ ಇಮ್ಮಡಿ, ಎತ್ತರದ ಚೌಕಾಕಾರದ ಮೂತಿಗೆ ಪೆಟ್ಟು ಇನ್ನೂ ಜೋರು. ಸಮುದ್ರಮಟ್ಟದ ಬಂಗಾಳದ ಗಾಳಿ 900 ಮೀಟರ್ ಎತ್ತರದ ಬೆಂಗಳೂರಿನದಕ್ಕಿಂತ ಸುಮಾರು ಶೇ 10ರಷ್ಟು ದಟ್ಟ ಕೂಡ. ತುಮಕೂರು ರಸ್ತೆಯಲ್ಲಿ ಸಿಕ್ಕ ಮೈಲೇಜ್ ಅದೇ ವೇಗದಲ್ಲಿ ಇಲ್ಲಿ ಸಿಗದಿದ್ದರೆ ಕಾರಣ ಇದೂ ಇರಬಹುದು. ದಾರಿಯಲ್ಲಿ ಸಿಂಗೂರು ಬರುತ್ತದೆ. ಲೀಟರಿಗೆ 23.6 ಕಿ.ಮೀ. ಎಂದು ಪ್ರಮಾಣಿತವಾದ ನ್ಯಾನೊ ಇಲ್ಲಿ ತಯಾರಾಗಬೇಕಿತ್ತು, 2008ರ ಅಕ್ಟೋಬರಿನಲ್ಲಿ ಗುಜರಾತಿನ ಸಾಣಂದಕ್ಕೆ ಹೊರಟುಹೋಯಿತು. ಜನ ಆ ಪುಟ್ಟ ಕಾರನ್ನು ಒಲ್ಲೆನೆಂದು ದೊಡ್ಡ ಮೂತಿಯ ಗಾಡಿಗಳನ್ನು ಕೊಂಡರು. ಈಗ ಮೈಲೇಜಿಗೆ ಪರದಾಡುತ್ತಿದ್ದೇವೆ.

10. ಎರಡು ಕಿ.ಮೀ.ಗೆ ಕಾರು ಬೇಡ.

ಬಾಳೆಎಲೆ, ಫಿಲ್ಟರ್ ಕಾಫಿಪುಡಿಗೆಂದು ಲೇಕ್ ಮಾರ್ಕೆಟ್‌ಗೆ ನಡೆದೇ ಹೋಗಿ. ಎಂಜಿನ್ ಕಾವೇರುವ ಮೊದಲೇ ಆರಿಸಿದರೆ ಸುಡುವ ಪೆಟ್ರೋಲ್ ಹೆಚ್ಚು. ದೂರದ ಓಡಾಟಕ್ಕೂ ಕಾರೇ ಬೇಕೆಂದಿಲ್ಲ: ಹೌರಾದಿಂದ ಐದನೇ ಸೆಕ್ಟರಿಗೆ ನದಿಯ ಅಡಿಯಿಂದಲೇ ಹೋಗುವ ಮೆಟ್ರೊ 2025ರ ಆಗಸ್ಟ್ 22ರಂದು ಪೂರ್ತಿಯಾಗಿದೆ. ದುರ್ಗಾಪೂಜೆಯ ವಾರವಂತೂ ಕೀಲಿಕೈ ಗೂಟದಲ್ಲೇ ಇರಲಿ.

11. ಹೊಸದು ಕೊಳ್ಳುವವರು ಸಂಜೆ ಆರಕ್ಕೆ ಓಡಿಸಿ ನೋಡಿ.

ಸಣ್ಣ ಟರ್ಬೊ ಎಂಜಿನ್ ರೋಲರಿನ ಮೇಲೆ ಮೆಲ್ಲಗೆ ಓಡಿ ಒಳ್ಳೆ ಅಂಕ ತರುತ್ತದೆ. ಜಾಮಿನಲ್ಲಿ ಪದೇ ಪದೇ ತುಳಿದಾಗ ಅದರ ಬಾಯಿ ದೊಡ್ಡದು. ಈ ಊರಿನ ಒಳಗಷ್ಟೇ ಓಡಿಸುವುದಾದರೆ ಟರ್ಬೊ ಇಲ್ಲದ ಎಂಜಿನ್ನೇ ವಾಸಿ. ಬಜೆಟ್ ಇದ್ದರೆ, ಸ್ವಲ್ಪ ಉದ್ದದ ಗಾಡಿಯಾದರೂ ಸರಿ, ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಪೂರ್ಣ ಹೈಬ್ರಿಡ್ ನೋಡಬಹುದು. ಶೋರೂಮಿನವರು ನಿಮ್ಮನ್ನು ನ್ಯೂಟೌನಿನ ಅಗಲ ರಸ್ತೆಗೆ ಕರೆದೊಯ್ಯುತ್ತಾರೆ. ರಾಸ್‌ಬಿಹಾರಿ ಕಡೆಗೆ ತಿರುಗಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅರ್ಧ ಗಂಟೆ ಓಡಿಸಿ. ಪರದೆಯ ಮೇಲಿನ ಸರಾಸರಿಯೂ ಸ್ವಲ್ಪ ಹೊಗಳುಭಟ್ಟನೇ. ಕಂಡದ್ದರಲ್ಲಿ ಒಂದು ಕಿ.ಮೀ. ಕಳೆದು ಗುರುತು ಹಾಕಿಕೊಳ್ಳಿ, ಆಮೇಲೆ ಬೆಲೆಯ ಮಾತು ಎತ್ತಿ.