ಕ್ಯೂಬ್ಸ್ ಓಎಸ್: ಕನ್ನಡಕ್ಕೊಂದು ಟೆಂಪ್ಲೇಟ್ ಕಟ್ಟಿಕೊಳ್ಳಿ

ಬ್ಯಾಂಕ್ ಕೆಲಸಕ್ಕೊಂದು, ಇಮೇಲ್‌ಗೊಂದು, ಯಾರೋ ಕಳಿಸಿದ ಕಡತ ತೆರೆಯಲು ಮತ್ತೊಂದು. ಕ್ಯೂಬ್ಸ್ ಓಎಸ್‌ನಲ್ಲಿ ಹೀಗೆ ಒಂದೊಂದು ಕೆಲಸಕ್ಕೂ ಪ್ರತ್ಯೇಕ ವರ್ಚುವಲ್ ಮಷೀನ್ ಇಟ್ಟುಕೊಳ್ಳಬಹುದು. ಅವುಗಳಿಗೆ ಕ್ಯೂಬ್ ಎಂದೇ ಹೆಸರು. ಟೆಂಪ್ಲೇಟ್ ಎಂಬ ಒಂದೇ ಅಚ್ಚಿನಿಂದ ಹಲವು ಕ್ಯೂಬ್‌ಗಳನ್ನು ತೆಗೆಯಬಹುದು. ಕ್ಯೂಬ್ ಮುಚ್ಚಿದಾಗ ಹೋಮ್ ಫೋಲ್ಡರಿನಂಥ ಕೆಲವೇ ಜಾಗಗಳು ಉಳಿಯುತ್ತವೆ. ಕ್ಯೂಬ್ ಒಳಗೆ ಬೇರೆಡೆ ಹಾಕಿದ ತಂತ್ರಾಂಶ ಮಾಯ. ಉಳಿಯಬೇಕಾದ್ದನ್ನು ಟೆಂಪ್ಲೇಟ್‌ಗೇ ಹಾಕಬೇಕು. ಆದರೆ ಟೆಂಪ್ಲೇಟ್‌ಗೆ ಕಳ್ಳ ಹೊಕ್ಕರೆ ಅದನ್ನು ನಂಬಿದ ಕ್ಯೂಬ್‌ಗಳಿಗೆಲ್ಲ ಹೊಕ್ಕಂತೆ. ಆದ್ದರಿಂದ ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ.

ಕನ್ನಡದಲ್ಲಿ ಬರೆಯಲು, ನೆಟ್ ಸಂಪರ್ಕವೇ ಇಲ್ಲದ ಒಂದು ಕ್ಯೂಬ್ ಬೇಕೆನ್ನೋಣ. ಮೊದಲು, ಇಡೀ ಯಂತ್ರವನ್ನು ನಿಯಂತ್ರಿಸುವ ಡಾಮ್0 ಎಂಬ ಭಾಗದ ಟರ್ಮಿನಲ್‌ನಲ್ಲಿ ಕ್ಯೂವಿಎಂ-ಟೆಂಪ್ಲೇಟ್ ಆದೇಶದಿಂದ ಡೆಬಿಯನ್-12-ಮಿನಿಮಲ್ ಇಳಿಸಿಕೊಳ್ಳಿ. ಅದನ್ನು ಹಾಗೇ ಬಿಟ್ಟು, ಕ್ಯೂವಿಎಂ-ಕ್ಲೋನ್‌ನಿಂದ ಪ್ರತಿ ತೆಗೆಯಿರಿ. ಕೈಯಾಡಿಸುವುದೇನಿದ್ದರೂ ಪ್ರತಿಯ ಮೇಲೆ.

ಮಿನಿಮಲ್‌ನಲ್ಲಿ ಪಾಸ್‌ವರ್ಡ್ ಇಲ್ಲದ ಸುಡೊ ಇರುವುದಿಲ್ಲ. ಡಾಮ್0ದಿಂದಲೇ ಕ್ಯೂವಿಎಂ-ರನ್ ಬಳಸಿ ಆ ಪ್ರತಿಯಲ್ಲಿ ರೂಟ್ ಬಳಕೆದಾರನ ಎಕ್ಸ್‌ಟರ್ಮ್ ಟರ್ಮಿನಲ್ ತೆರೆಯಬೇಕು. ಅಲ್ಲಿ ಎಪಿಟಿ ಮೂಲಕ ಲಿಬ್ರೆ ಆಫೀಸ್ ರೈಟರ್, ಗುಬ್ಬಿ ಫಾಂಟ್, ಕನ್ನಡ ಟೈಪಿಸಲು ಐಬಸ್-ಎಂ17ಎನ್ ಹಾಕಿ. ಫಾಂಟ್ ಮರೆತರೆ ಕನ್ನಡವೆಲ್ಲ ಬರೀ ಚೌಕಗಳಾಗಿ ಕಾಣುತ್ತದೆ. ಐಬಸ್ ಕೂಡ ಆಯಾ ಕ್ಯೂಬ್ ಒಳಗೇ ಓಡಬೇಕು. ಡಾಮ್0ದಲ್ಲಿ ಹಾಕಿ ಕೂತರೆ ಪ್ರಯೋಜನವಿಲ್ಲ.

ಟೆಂಪ್ಲೇಟ್‌ಗೆ ನೇರ ಇಂಟರ್ನೆಟ್ ಇಲ್ಲದಿದ್ದರೂ ಎಪಿಟಿ ಕೆಲಸ ಮಾಡುವುದು ಅಪ್‌ಡೇಟ್ ಪ್ರಾಕ್ಸಿಯಿಂದ. ಅವಸರಕ್ಕೆಂದು ನೆಟ್ ಜೋಡಿಸಿ, ಅಲ್ಲೇ ಬ್ರೌಸರ್ ತೆರೆಯುವ ಆಸೆ ಬೇಡ.

ಮುಗಿದ ಮೇಲೆ ಟೆಂಪ್ಲೇಟ್ ಮುಚ್ಚಿ. ಮುಚ್ಚದೆ ಬದಲಾವಣೆ ಕ್ಯೂಬ್‌ಗಳಿಗೆ ತಲುಪದು. ಹೊಸಬರು ಹೆಚ್ಚಾಗಿ ತಡವರಿಸುವುದು ಇಲ್ಲೇ. ಬಳಿಕ ಅದರ ಮೇಲೆ ಹೊಸ ಕ್ಯೂಬ್ ಮಾಡಿ, ನೆಟ್‌ವರ್ಕ್ ಜಾಗದಲ್ಲಿ ಏನನ್ನೂ ಆರಿಸಬೇಡಿ. ಮೆನುವಿನಲ್ಲಿ ರೈಟರ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಅಪ್ಲಿಕೇಷನ್ಸ್ ಪಟ್ಟಿಯನ್ನು ರಿಫ್ರೆಶ್ ಮಾಡಿ.

ಟೆಂಪ್ಲೇಟನ್ನು ಮೂಲದಿಂದಲೇ ಕಟ್ಟುವ ಹಟ ಇರುವವರಿಗೆ ಕ್ಯೂಬ್ಸ್ ಬಿಲ್ಡರ್ ಇದೆ. ಅದು ಕೊಡುವುದು ಆರ್‌ಪಿಎಂ ಪ್ಯಾಕೇಜ್. ಅದನ್ನು ಡಾಮ್0ಗೆ ತರುವುದು ಇಡೀ ಯಂತ್ರಕ್ಕೇ ಅಪಾಯ ತರಬಲ್ಲದು. ಹಾಗಾಗಿ ಅದನ್ನು ಕಟ್ಟಿದ ಕ್ಯೂಬ್ ಕೂಡ ನಂಬಿಕಸ್ಥವಾಗಿರಬೇಕು. ನನ್ನನ್ನು ಕೇಳಿದರೆ, ಬಹುಪಾಲು ಜನರಿಗೆ ಮಿನಿಮಲ್‌ನ ಪ್ರತಿಯೇ ಸಾಕು.

ಪ್ರತಿಗಳು ಹೆಚ್ಚಿದಷ್ಟೂ ಅಪ್‌ಡೇಟ್ ಕೆಲಸ ಹೆಚ್ಚುತ್ತದೆ. ಪ್ರತಿಯೊಂದಕ್ಕೂ ಏನೇನು ಹಾಕಿದಿರಿ ಎಂದು ಬರೆದಿಡಿ. ಡೆಬಿಯನ್ ಆವೃತ್ತಿ ಬದಲಾದಾಗ ಹೊಸ ಮಿನಿಮಲ್ ಮೇಲೆ ಅದೇ ಪಟ್ಟಿ ಓಡಿಸಿದರಾಯಿತು.